8 ಮೈಕ್ರಾನಿನ ಅಂಗಿ

ಹುಡುಗ ಕ್ರೇಟನ್ನು ಎದೆಮಟ್ಟಕ್ಕೆ ಎತ್ತಿ ಮೇಜಿನ ಮೇಲೆ ಒಂದೇ ಸಲಕ್ಕೆ ಬಗ್ಗಿಸಿಬಿಟ್ಟ. ಗಲಗಲ ಸದ್ದಿಗೆ ಪಕ್ಕದ ಪ್ರೆಸ್ಸಿನ ಸದ್ದೂ ಒಂದು ಕ್ಷಣ ಮುಚ್ಚಿಹೋಯಿತು.

“ಏಯ್, ರಾಗಿ ಸುರಿದಂಗೆ ಸುರೀತೀಯಲ್ಲೋ! ಮೈ ತರಚಲ್ವಾ ಅವಕ್ಕೆ?”

“ಕಬ್ಬಿಣ ಅಕ್ಕಾ, ಏನಾಗ್ತದೆ?”

ಅಕ್ಕ ಉತ್ತರ ಕೊಡಲಿಲ್ಲ. ರಾಶಿಯಿಂದ ಒಂದು ಬೋಲ್ಟು ಆರಿಸಿ, ಟ್ಯೂಬ್‌ಲೈಟಿಗೆ ಹಿಡಿದು, ನಿಧಾನಕ್ಕೆ ತಿರುಗಿಸಿ ಅವನ ಮೂಗಿನ ಮುಂದೆ ಹಿಡಿದರು. ತಲೆಯ ಆರು ಮೂಲೆಗಳಲ್ಲಿ ಒಂದು ಮೂಲೆಯ ಬೆಳ್ಳಿ ಬಣ್ಣ ಹೋಗಿ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕಪ್ಪು ಕಬ್ಬಿಣ ಇಣುಕುತ್ತಿತ್ತು. ಅದನ್ನು ಕೆಂಪು ಡಬ್ಬಕ್ಕೆ ಎಸೆದು, “ಇನ್ನೊಂದ್ ಸಲ ಹಿಂಗ್ ಮಾಡಿದ್ರೆ ನಿನ್ನೂ ಅಲ್ಲಿಗೇ ಹಾಕ್ತೀನಿ” ಎಂದರು.

ಇದು ಪೀಣ್ಯ ಎರಡನೇ ಹಂತದ ಒಂದು ಶೆಡ್ಡು. ತಗಡಿನ ಸೂರು, ಗೋಡೆಗೆ ಆಯುಧಪೂಜೆಯ ಒಣಗಿದ ಕುಂಬಳಕಾಯಿಯ ಕಲೆ, ಮೂಲೆಯಲ್ಲಿ ಕೊಂಚ ವಾಲಿದ ಫ್ಯಾನು. ಮೇಜಿನ ಸುತ್ತ ನಾಲ್ವರು ಹೆಂಗಸರು. ಕೆಲಸಕ್ಕೆ ಕೂರುವ ಮೊದಲು ಗಾಜಿನ ಬಳೆ ಬಿಚ್ಚಿ ಊಟದ ಡಬ್ಬಿಯ ಮುಚ್ಚಳದಲ್ಲಿಟ್ಟು, ಬಿಳಿ ನೂಲಿನ ಕೈಗವಸು ಹಾಕಿಕೊಳ್ಳುತ್ತಾರೆ. ಕೈ ಕೊಳೆಯಾಗದಿರಲಿ ಎಂದು ಹಾಕಿಕೊಂಡಿದ್ದಾರೆ ಅಂತ ನೋಡಿದವರು ತಿಳಿಯುತ್ತಾರೆ. ಅವರ ಕೈ ಬೋಲ್ಟಿಗೆ ಕೊಳೆ ಹತ್ತಿಸದಿರಲಿ ಎಂಬುದು ಅಸಲು ಕಾರಣ. ಬೆವರೆಂದರೆ ಉಪ್ಪುನೀರು, ಇವತ್ತು ಒತ್ತಿದ ಹೆಬ್ಬೆರಳು ತಿಂಗಳು ಕಳೆದ ಮೇಲೆ ಕಲೆಯಾಗಿ ಮೇಲೇಳುತ್ತದೆ.

ಬೋಲ್ಟು ತೊಟ್ಟ ಅಂಗಿ ಅಷ್ಟು ತೆಳು. ಸತುವಿನ ಲೇಪ ಸಾಮಾನ್ಯವಾಗಿ 8 ಮೈಕ್ರಾನ್ ಆಸುಪಾಸು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಈ ತೆಳು ಪದರ ಕಬ್ಬಿಣದ ಬದಲು ತಾನು ಸವೆಯುತ್ತ ಒಡೆಯನನ್ನು ಉಳಿಸುತ್ತದೆ. ಅದರ ಮೇಲೆ ಕ್ರೋಮಿಯಂನ ಇನ್ನೂ ತೆಳುವಾದ ಮುಸುಕು. ಹಿಂದೆಲ್ಲ ಬೋಲ್ಟುಗಳು ಅರಿಸಿನ ಹಚ್ಚಿದ ಮದುಮಗಳಂತೆ ಹಳದಿಯಾಗಿ ಹೊಳೆಯುತ್ತಿದ್ದುದು ಹೆಕ್ಸಾವಲೆಂಟ್ ಕ್ರೋಮಿಯಂನಿಂದ. ಅದು ವಿಷ ಎಂದು ಯುರೋಪು 2007ರಿಂದ ಕಾರಿನ ಲೇಪಗಳಲ್ಲಿ ನಿಲ್ಲಿಸಿತು; ರಫ್ತಿನ ಬೋಲ್ಟು ಅಲ್ಲಿಂದೀಚೆಗೆ ನೀಲಿ ಛಾಯೆಯ ಬೆಳ್ಳಿಗೆ ತಿರುಗಿತು. 10.9 ದರ್ಜೆಯ ಗಟ್ಟಿ ಬೋಲ್ಟಿನದು ಬೇರೆ ಕಥೆ. ಆ್ಯಸಿಡ್ಡು, ಕರೆಂಟಿನ ತೊಟ್ಟಿಗಳಲ್ಲಿ ಅದರೊಳಗೆ ಹೈಡ್ರೋಜನ್ ಹೊಕ್ಕರೆ, ಬಿಗಿದ ಮೇಲೆ ಒಂದು ದಿನ ಹೇಳದೆ ಕೇಳದೆ ಪಟ್ಟೆಂದು ಮುರಿಯಬಹುದು. ಅದಕ್ಕೇ ಅಂಥವನ್ನು ಸತುವಿನ ಚಕ್ಕೆಗಳ ದ್ರವದಲ್ಲಿ ಅದ್ದಿ, ಗಿರ್ರನೆ ತಿರುಗಿಸಿ ಹೆಚ್ಚಿನದನ್ನು ಕೊಡವಿ, ಒಲೆಯಲ್ಲಿ ಸುಡುತ್ತಾರೆ.

ಇವುಗಳ ಮಾದರಿ ಬೋಲ್ಟುಗಳು ಪರೀಕ್ಷೆಗೂ ಕೂತಿರುತ್ತವೆ. 35 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ಶೇ 5ರ ಉಪ್ಪುನೀರಿನ ಮಂಜು. 720 ಗಂಟೆ ಎಂದರೆ ಪೂರಾ ಮೂವತ್ತು ದಿನ, ಹಗಲೂ ರಾತ್ರಿ. ಇಷ್ಟೆಲ್ಲ ತಡೆದುಕೊಳ್ಳುವ ಜಾತಿ ತನ್ನದೇ ಪೆಟ್ಟಿಗೆಯೊಳಗೆ ಹಾಳಾಗುತ್ತದೆಂದರೆ ನಂಬುವುದು ಕಷ್ಟ. ನಾನು ಮಾತ್ರ ನಂಬುತ್ತೇನೆ.

ಹಿಂದೊಮ್ಮೆ ಇಂಥದೇ ಒಂದು ಶೆಡ್ಡಿನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದೆ. ಜುಲೈ ತಿಂಗಳು, ಜಿಟಿಜಿಟಿ ಮಳೆ, ಕಂಟೈನರ್ ಬುಕ್ಕಾಗಿದೆ, ಪ್ಲೇಟಿಂಗಿನಿಂದ ಮಾಲು ಬಂದದ್ದೇ ಸಂಜೆ. ಮುಟ್ಟಿದರೆ ಇನ್ನೂ ಕೊಂಚ ತೇವ. “ಒಣಗ್ತದೆ ಬಿಡಿ” ಎಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಬಾಯಿ ಕಟ್ಟಿಸಿದವನು ನಾನೇ. ಐದು ವಾರಕ್ಕೆ ಪಾರ್ಟಿಯಿಂದ ಫೋಟೊ ಬಂತು: ಬೋಲ್ಟಿಗೆಲ್ಲ ವಿಭೂತಿ ಬಳಿದಂತೆ ಬಿಳಿ ಪುಡಿ. ಬಯಲಿನಲ್ಲಿಟ್ಟ ಸತು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತನಗೆ ತಾನೇ ಒಂದು ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಗಾಳಿಯಾಡದ ತೇವದಲ್ಲಿ, ಒಂದಕ್ಕೊಂದು ಅಂಟಿ ಕೂತಾಗ, ಆ ಪೊರೆ ಕಟ್ಟುವುದಿಲ್ಲ. ಬಿಳಿ ತುಕ್ಕು ಹುಟ್ಟುತ್ತದೆ. ಪ್ಲೇಟಿಂಗಿನವರು ಪ್ಯಾಕಿಂಗಿನ ಮೇಲೆ ಹಾಕಿದರು, ಪ್ಯಾಕಿಂಗಿನವರು ಪ್ಲೇಟಿಂಗಿನ ಮೇಲೆ. ನಾನು ನಡುವೆ ನಿಂತು ಎರಡೂ ಕಡೆಗೆ ತಲೆಯಾಡಿಸಿದೆ.

ಹಾಗಾಗಿ ಇಲ್ಲಿ ಮಾಲು ಪೂರ್ತಿ ಒಣಗಿ, ಆರಿ ತಣ್ಣಗಾಗುವ ತನಕ ಯಾರೂ ಕವರು ಮುಟ್ಟುವುದಿಲ್ಲ. ಬಿಸಿಯಿರುವಾಗಲೇ ಕಟ್ಟಿದ ಬುತ್ತಿ ಒಳಗೇ ಬೆವರುವುದನ್ನು ಈ ಹೆಂಗಸರಿಗೆ ಯಾವ ಇಂಜಿನಿಯರೂ ಹೇಳಿಕೊಡಬೇಕಿಲ್ಲ. ತಕ್ಕಡಿಯ ಮೇಲೆ ಹತ್ತು ಬೋಲ್ಟು ಎಣಿಸಿಟ್ಟರೆ ಮಿಕ್ಕದ್ದನ್ನು ಅದೇ ತೂಕದಿಂದ ಎಣಿಸಿಕೊಳ್ಳುತ್ತದೆ. 200 ಆದೊಡನೆ ತುಕ್ಕು ತಡೆಯುವ ನೀಲಿ ವಿಸಿಐ ಕವರಿಗೆ. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟ ನುಸಿಗುಳಿಗೆಯ ಹಾಗೆ ಈ ಕವರು ಕಣ್ಣಿಗೆ ಕಾಣದ ಆವಿ ಬಿಡುತ್ತದೆ; ಆ ಆವಿ ಲೋಹದ ಮೈಮೇಲೆ ಕೂತು ಕಾಯುತ್ತದೆ. ಬರೀ ಕಬ್ಬಿಣಕ್ಕೆಂದು ಮಾಡಿದ ಕವರು ಸತುವಿಗೆ ಒಗ್ಗದಿರಬಹುದು. ಎರಡಕ್ಕೂ ಆಗುವಂಥದ್ದನ್ನೇ ತರಿಸಬೇಕು. ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ. ಒಳಗಿನ ಗಾಳಿಯನ್ನು ಅಂಗೈಯಿಂದ ಒತ್ತಿ ಹೊರಹಾಕಿ, ಬಾಯಿ ಮಡಚಿ ಟೇಪು.

ಪೆಟ್ಟಿಗೆ ತುಂಬುವುದರಲ್ಲಿ ಅಕ್ಕನ ಕೈ ನೋಡಬೇಕು. ತುಂಬಿದ ಪೆಟ್ಟಿಗೆಯನ್ನು ಕಿವಿಗೆ ಹತ್ತಿರ ತಂದು ಒಮ್ಮೆ ಅಲ್ಲಾಡಿಸುತ್ತಾರೆ, ತೆಂಗಿನಕಾಯಿ ನೋಡುವಂತೆ. ಸದ್ದು ಬಂದರೆ ಒಳಗೆ ಜಾಗವಿದೆ ಎಂದರ್ಥ. ಹಡಗಿನ ಕುಲುಕಾಟಕ್ಕೆ ಬೋಲ್ಟುಗಳು ಒಂದನ್ನೊಂದು ಉಜ್ಜಿ ಲೇಪ ಪುಡಿಯಾಗುತ್ತದೆ. ಮತ್ತೆ ಬಿಚ್ಚಿ, ರಟ್ಟಿನ ತುಂಡು ಸಿಕ್ಕಿಸಿ, ಮತ್ತೆ ಅಲ್ಲಾಡಿಸುತ್ತಾರೆ. ಹಳೇ ಪೇಪರು ತುರುಕುವ ಹಾಗಿಲ್ಲ, ಅದು ತೇವ ಹೀರಿ ಇಟ್ಟುಕೊಳ್ಳುತ್ತದೆ. ಒಂದು ಪೆಟ್ಟಿಗೆ ಇಪ್ಪತ್ತು ಕಿಲೋ ಮೀರುವುದಿಲ್ಲ. ಮೀರಿದರೆ ಇಳಿಸುವವನು ಇಳಿಸುವುದಿಲ್ಲ, ಎತ್ತಿ ಹಾಕುತ್ತಾನೆ.

ಹೊರಗೆ ಪ್ಯಾಲೆಟ್‌ಗಳು. ಒಂದೊಂದಕ್ಕೂ ಗೋಧಿ ತೆನೆಯ ಮುದ್ರೆ: ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ, ಹುಳ ಹುಪ್ಪಟೆ ಇಲ್ಲ ಎಂಬ ಐಎಸ್‌ಪಿಎಂ 15ರ ಗುರುತು. ಇದಿಲ್ಲದ ಮರವನ್ನು ಎಷ್ಟೋ ದೇಶಗಳು ಬಂದರಿನಲ್ಲೇ ತಡೆಯುತ್ತವೆ. ಇಲ್ಲಿಂದ ವೈಟ್‌ಫೀಲ್ಡಿನ ಕಂಟೈನರ್ ಡಿಪೋ, ಅಲ್ಲಿಂದ ರೈಲಿನಲ್ಲಿ ಚೆನ್ನೈ, ಆಮೇಲೆ ಸಮುದ್ರ. ಹಗಲು ಕಾದ ಕಂಟೈನರಿನ ಗಾಳಿ ರಾತ್ರಿ ತಣ್ಣಗಾದಾಗ ಒಳ ಚಾವಣಿಯಿಂದ ಹನಿ ಉದುರುತ್ತದೆ. ಆಕಾಶವೇ ಇಲ್ಲದ ಮಳೆ. ಅದಕ್ಕೆಂದು ಗೋಡೆಗೆ ತೇವ ಹೀರುವ ಉದ್ದನೆ ಚೀಲಗಳನ್ನು ತೂಗುಹಾಕುತ್ತಾರೆ.

ಐದು ಗಂಟೆಗೆ ಲಾರಿ ಬಂತು, ಅದರ ಬೆನ್ನಿಗೇ ತುಂತುರು. ಟಾರ್ಪಾಲು ಎಳೆಯುವಷ್ಟರಲ್ಲಿ ಕೊನೆಯ ಪ್ಯಾಲೆಟ್ಟಿನ ಮೇಲೆ ನಾಲ್ಕು ಹನಿ ಬಿದ್ದವು. “ಮೇಲೆ ಫಿಲ್ಮ್ ಸುತ್ತಿದೆ ಅಕ್ಕಾ, ಏನಾಗಲ್ಲ” ಎಂದರು ಸೂಪರ್‌ವೈಸರ್. “ಗೊತ್ತು ಸಾರ್” ಎಂದ ಅಕ್ಕ ಸೆರಗಿನ ತುದಿಯಿಂದ ನಾಲ್ಕನ್ನೂ ಒರೆಸಿ, ಒಳಗೆ ಹೋಗಿ ಬಳೆ ಹುಡುಕತೊಡಗಿದರು.