ಚಿತ್ರಸಾಕ್ಷಿಯ ರಕ್ಷಣೆ

ನಡೆದುದನ್ನು ನಡೆದಂತೆಯೇ ಮುಂದಿನ ತಲೆಮಾರಿನ ಕಣ್ಣೆದುರಿಗೆ ತಂದು ನಿಲ್ಲಿಸುವ ಶಕ್ತಿ ಸಾಕ್ಷ್ಯಚಿತ್ರಕ್ಕಿರುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಾಕ್ಷಿಯೇ ಉಳಿಯದಿದ್ದಲ್ಲಿ ಸಾಕ್ಷ್ಯವೆಲ್ಲಿಯದು? ಈ ವಿಷಯದಲ್ಲಿ ನಮ್ಮ ದೇಶದ ಅನುಭವವು ಸಂತೋಷಕರವಾದುದಲ್ಲವೆಂಬುದನ್ನು ವಾಚಕ ಮಹಾಶಯರ ಗಮನಕ್ಕೆ ತರಬಯಸುತ್ತೇವೆ.

ವಂಗಭಂಗವನ್ನು ಪ್ರತಿಭಟಿಸಿ 1905ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ನೆರೆದ ಜನಸಮೂಹವನ್ನು ಹೀರಾಲಾಲ್ ಸೇನರು ಚಿತ್ರಿಸಿದರು. ಸ್ವದೇಶಿ ಚಳವಳಿಯ ಆ ದೃಶ್ಯವನ್ನು ನೋಡುವ ಭಾಗ್ಯ ಇಂದು ನಮಗಿಲ್ಲ. 1917ರ ಬೆಂಕಿಯಲ್ಲಿ ಸೇನರ ಚಿತ್ರಗಳು ಭಸ್ಮವಾದುವು. ಅಂದಿನ ನೈಟ್ರೇಟ್ ಫಿಲ್ಮು ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಆರದೆ ಉರಿಯುವಂಥದು.

ಬೆಂಕಿಯಿಂದಾದಂತೆ ಉದಾಸೀನದಿಂದಲೂ ಹಾನಿಯಾಗಿದೆ. ಎರಡನೆಯ ಮಹಾಯುದ್ಧದ ಪ್ರಚಾರಕ್ಕಾಗಿ ಆಂಗ್ಲ ಸರ್ಕಾರವು 1943ರಲ್ಲಿ 'ಇನ್‌ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ' ಎಂಬ ಸಂಸ್ಥೆಯನ್ನು ತೆರೆಯಿತು. ಕ್ಯಾಮರಾ ತನ್ನನ್ನು ತಿರುಗಿಸಿದ ಕಡೆಯನ್ನಷ್ಟೇ ನೋಡಬಲ್ಲುದು. ತಿರುಗಿಸುವ ಕೈ ಪರರದಾಗಿದ್ದುದರಿಂದ ಸಂಸ್ಥೆಯು ದೇಶಾಭಿಮಾನಿಗಳ ಅಪ್ರೀತಿಗೆ ಪಾತ್ರವಾದುದು ಸಹಜವೇ. 1946ರಲ್ಲಿ ಅದನ್ನು ಮುಚ್ಚಲಾಯಿತು. ಆದರೆ ಅದರ ಸ್ಥಾನದಲ್ಲಿ ನಮ್ಮದೊಂದನ್ನು ಕೂಡಲೆ ಸ್ಥಾಪಿಸಲಿಲ್ಲ. ಫಲವಾಗಿ, 1947ರ ಆಗಸ್ಟ್ 15ರ ಮಹೋತ್ಸವವನ್ನು ದಾಖಲಿಸಲು ಸರ್ಕಾರದ ಬಳಿ ಸ್ವಂತ ಚಿತ್ರವಿಭಾಗವೇ ಇರಲಿಲ್ಲ. ಆ ಕಾರ್ಯವು ಖಾಸಗಿ ಚಿತ್ರಗ್ರಾಹಕರ ಮತ್ತು ವಿದೇಶೀ ವಾರ್ತಾಚಿತ್ರ ಕಂಪೆನಿಗಳ ಪಾಲಾಯಿತು. ಫಿಲ್ಮ್ಸ್ ಡಿವಿಜನ್ ಹುಟ್ಟಿದ್ದು 1948ರಲ್ಲಿ.

ಸರ್ಕಾರದ ಆಶ್ರಯವಿಲ್ಲದೆಯೂ ಒಬ್ಬ ಪ್ರಜೆ ಎಷ್ಟನ್ನು ಸಾಧಿಸಬಹುದೆಂಬುದಕ್ಕೆ ತಮಿಳುನಾಡಿನ ಎ. ಕೆ. ಚೆಟ್ಟಿಯಾರರೇ ನಿದರ್ಶನ. ದೇಶದೇಶಗಳನ್ನು ಸುತ್ತಿ, ಹಲವರು ತೆಗೆದಿದ್ದ ಸುರುಳಿಗಳನ್ನು ಕೂಡಿಸಿ, 1940ರಲ್ಲಿ ಅವರು ಮಹಾತ್ಮರ ಜೀವನದ ಚಿತ್ರವನ್ನು ಜನರ ಮುಂದಿಟ್ಟರು. ಬೇರೆಯವರು ಸುರುಳಿಗಳನ್ನು ಕಾದಿರಿಸಿದ್ದರಿಂದಲೇ ಅವರ ಪರಿಶ್ರಮವು ಸಫಲವಾಯಿತು.

1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪಿತವಾಯಿತು. ಅನಂತರವೂ, 2003ರಲ್ಲಿ ಅದೇ ನಗರದ ದಾಸ್ತಾನುಕೋಣೆಯೊಂದಕ್ಕೆ ಬೆಂಕಿ ಬಿದ್ದು ಬಹುಸಂಖ್ಯೆಯ ಹಳೆಯ ನೈಟ್ರೇಟ್ ಸುರುಳಿಗಳು ನಾಶವಾದುವು. ಕಟ್ಟಡವನ್ನು ಕಟ್ಟಿದ ಮಾತ್ರಕ್ಕೆ ಕರ್ತವ್ಯವು ಮುಗಿಯಲಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಆದುದರಿಂದ, ಮನೆಗಳಲ್ಲಿಯೂ ಕಛೇರಿಗಳಲ್ಲಿಯೂ ಧೂಳು ಹಿಡಿದಿರುವ ಹಳೆಯ ಸುರುಳಿಗಳನ್ನು ಗುರುತಿಸಿ, ನಾಶವಾಗುವುದಕ್ಕೆ ಮುಂಚೆಯೇ ಪ್ರತಿ ಮಾಡಿಸಿ, ಮೂಲವನ್ನೂ ಪ್ರತಿಯನ್ನೂ ಬೇರೆ ಬೇರೆ ಸ್ಥಳಗಳಲ್ಲಿ ಇಡತಕ್ಕದ್ದು. ಪ್ರತಿಯೊಂದರ ಜೊತೆಗೂ ದಿನ, ಸ್ಥಳ, ಕಾಣುವ ವ್ಯಕ್ತಿಗಳ ಹೆಸರು ಮತ್ತು ಚಿತ್ರಿಸಿದವರ ಹೆಸರು ಬರೆದಿರಬೇಕು. ಇವಿಲ್ಲದ ಚಿತ್ರವು ಹೆಸರಿಲ್ಲದ ಸಾಕ್ಷಿಯಂತೆ ವಿಶ್ವಾಸಕ್ಕೆ ದೂರವಾಗುತ್ತದೆ. ಸಂಬಂಧಪಟ್ಟ ಅಧಿಕಾರಿಗಳು ಈ ವಿಷಯದಲ್ಲಿ ಇನ್ನು ಕಾಲಹರಣ ಮಾಡಲಾರರೆಂದು ನಂಬಿದ್ದೇವೆ.