ಆಯುಷ್ಮಾನ್ ಕಾರ್ಡ್ ಬಂದರೆ ಹಿರಿಯರ ಖಾಸಗಿ ವಿಮೆ ನಿಲ್ಲಿಸಬಹುದೇ?

"ಅಪ್ಪನಿಗೆ 70 ಆಯ್ತು, ಆಯುಷ್ಮಾನ್ ಕಾರ್ಡ್ ಸಿಗುತ್ತೆ. ಇನ್ನು ಪ್ರತಿ ವರ್ಷ ಪ್ರೀಮಿಯಂ ಯಾಕೆ ಕಟ್ಟಬೇಕು?" ಇದು ಈಗ ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ಖಾಸಗಿ ವಿಮೆ ಇದ್ದವರಿಗೆ ಈ ಕಾರ್ಡ್ ಕೊಡುವುದೇ ಇಲ್ಲ ಎಂಬ ಮಾತೂ ಇದೆ.

ಮೊದಲು ಆ ಮಾತನ್ನೇ ನೋಡೋಣ. ಅದು ತಪ್ಪು. 2024ರ ಅಕ್ಟೋಬರ್ 29ರಂದು ಶುರುವಾದ ಆಯುಷ್ಮಾನ್ ವಯ ವಂದನಾ ಕಾರ್ಡ್‌ಗೆ ಆದಾಯದ ಮಿತಿ ಇಲ್ಲ. ಆಧಾರ್ ಪ್ರಕಾರ 70 ತುಂಬಿದ್ದರೆ ಸಾಕು. ಖಾಸಗಿ ಪಾಲಿಸಿ ಇದ್ದವರೂ ಪಡೆಯಬಹುದು. ಕೇಂದ್ರ ಸರ್ಕಾರದ ಸಿಜಿಎಚ್‌ಎಸ್ ಅಥವಾ ಮಾಜಿ ಸೈನಿಕರ ಇಸಿಎಚ್‌ಎಸ್‌ನಂಥ ಯೋಜನೆ ಇದ್ದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಕಾರ್ಡಿನ ದೊಡ್ಡ ಲಾಭವೆಂದರೆ ಈಗಾಗಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೂ ಮೊದಲ ದಿನದಿಂದಲೇ ರಕ್ಷಣೆ. ಆದರೆ ವರ್ಷಕ್ಕೆ 5 ಲಕ್ಷ ರೂಪಾಯಿ ಎನ್ನುವುದು ತಲೆಗೆ ಅಲ್ಲ, ಕುಟುಂಬಕ್ಕೆ. ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಇಬ್ಬರೂ ಅದನ್ನೇ ಹಂಚಿಕೊಳ್ಳಬೇಕು. ಆಸ್ಪತ್ರೆಗೆ ದಾಖಲಾಗದೆ ಡಾಕ್ಟರನ್ನು ಕಂಡು ಬರುವ ಖರ್ಚು, ಪ್ರತಿ ತಿಂಗಳ ಮಾತ್ರೆಗಳು ಇದರಲ್ಲಿ ಬರುವುದಿಲ್ಲ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಷ್ಟೇ ಕಾರ್ಡ್ ನಡೆಯುತ್ತದೆ. ನೀವು ನಂಬಿದ ಆಸ್ಪತ್ರೆ ಆ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು.

ಹಾಗಾಗಿ ಹಲವು ವರ್ಷಗಳಿಂದ ನಡೆಸಿಕೊಂಡು ಬಂದ ಪಾಲಿಸಿಯನ್ನು ಕಾರ್ಡ್ ಬಂತೆಂದು ಬಿಡಬೇಡಿ ಎನ್ನುತ್ತೇವೆ. ಒಮ್ಮೆ ಬಿಟ್ಟರೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು. ಹಳೆಯ ಕಾಯಿಲೆಗಳಿಗೆ ಅದು 3 ವರ್ಷದವರೆಗೂ ಇರಬಹುದು. 65 ದಾಟಿದವರಿಗೂ ಹೊಸ ಪಾಲಿಸಿ ಸಿಗಬಹುದು, ನಿಜ. ಆದರೆ ಆರೋಗ್ಯ ನೋಡಿ ಕಂಪನಿ ಬೇಡ ಎನ್ನಬಹುದು. 74ನೇ ವಯಸ್ಸಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಸಣ್ಣ ಮಾತಲ್ಲ.

ಪ್ರೀಮಿಯಂ ಭಾರವೂ ತುಸು ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇ. 18 ಜಿಎಸ್‌ಟಿ ಇಲ್ಲ. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಕರ ಜೊತೆ ಚರ್ಚಿಸಬೇಕು.

ಯಾವ ಪಾಲಿಸಿಯೂ ಇಲ್ಲದೆ 70 ದಾಟಿದವರ ಲೆಕ್ಕ ಬೇರೆ. ಅವರು ಮೊದಲು ಕಾರ್ಡ್ ಮಾಡಿಸಿಕೊಳ್ಳಲಿ. ದುಬಾರಿ ಹೊಸ ಪಾಲಿಸಿಗೆ ಹಾಕುವ ಹಣವನ್ನು ಬ್ಯಾಂಕಿನಲ್ಲಿ ಔಷಧಿ ಖರ್ಚಿಗೆಂದು ತೆಗೆದಿಡುವುದೇ ಎಷ್ಟೋ ಸಲ ಮೇಲು.

ಯೋಜನೆಯನ್ನು ನಡೆಸುವುದು ಆಯಾ ರಾಜ್ಯ. ಆದ್ದರಿಂದ ಪಾಲಿಸಿ ನವೀಕರಣದ ದಿನಾಂಕಕ್ಕೆ ಮುಂಚೆಯೇ ಹತ್ತಿರದ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು, ಅಲ್ಲಿ ಈ ಕಾರ್ಡ್ ಈಗ ನಡೆಯುತ್ತದೆಯೇ, ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಸಹಾಯವಾಣಿ 14555.