ಅಂಗಡಿಯ ಬೆಳಕು, ಮನೆಯ ಕಂತು

ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಪೇಟೆಗೆ ಹೋಗಿಬರುವವರು ಒಂದು ಬದಲಾವಣೆಯನ್ನು ಕಂಡೇ ಇರುತ್ತಾರೆ. ಹಿಂದೆ ರೇಡಿಯೊ, ಕೈಗಡಿಯಾರ, ಟೇಪ್ ರೆಕಾರ್ಡರ್ ಮಾರುವ ಅಂಗಡಿಗಳಲ್ಲಿ ಗಿರಾಕಿಗೂ ಸಾಮಾನಿಗೂ ನಡುವೆ ಒಂದು ಕೌಂಟರ್ ಇರುತ್ತಿತ್ತು. ಸಾಮಾನು ಗಾಜಿನ ಕಪಾಟಿನೊಳಗಿರುತ್ತಿತ್ತು. ಬೇಕಾದುದನ್ನು ನಾವು ಹೆಸರಿಸಿ ಕೇಳಬೇಕು, ಅಂಗಡಿಯ ಯಜಮಾನರು ಕಪಾಟು ತೆರೆದು ತೋರಿಸಬೇಕು. ಬೆಲೆಯ ಮಾತು ಮುಗಿದ ಮೇಲೆಯೇ ವಸ್ತು ನಮ್ಮ ಕೈಗೆ ಬರುತ್ತಿತ್ತು. ಇಂದಿನ ಮೊಬೈಲ್ ಮಳಿಗೆಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ. ವಸ್ತು ಮೊದಲು ಕೈಗೆ ಬರುತ್ತದೆ, ಬೆಲೆಯ ಮಾತು ಕೊನೆಗೆ ಬರುತ್ತದೆ. ಇದು ತಾನಾಗಿ ಆದ ಬದಲಾವಣೆಯಲ್ಲ. ಇದರ ಫಲವು ನಮ್ಮ ಮನೆಗಳ ತಿಂಗಳ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತಿರುವುದರಿಂದ ಇದರ ಒಳಗುಟ್ಟನ್ನು ಅರಿಯುವುದು ಕುಟುಂಬದ ಹಿರಿಯರಿಗೆ ಅಗತ್ಯವೆನಿಸಿದೆ.

ಲಂಡನ್ನಿನಿಂದ ಬೆಂಗಳೂರಿಗೆ

ಗಿರಾಕಿಯು ವಸ್ತುವನ್ನು ಮುಟ್ಟಿ ನೋಡಲಿ ಎಂಬ ವಿಚಾರವು ಹೊಸದೇನಲ್ಲ. 1909ರಲ್ಲಿ ಗಾರ್ಡನ್ ಸೆಲ್ಫ್ರಿಜ್ ಎಂಬ ವ್ಯಾಪಾರಿಯು ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ತೆರೆದ ಮಹಾಮಳಿಗೆಯಲ್ಲಿ ಸಾಮಾನುಗಳನ್ನು ಕಪಾಟಿನಿಂದ ಹೊರತೆಗೆದು ಜನರ ಕೈಗೆಟುಕುವಂತೆ ಇರಿಸಲಾಗಿತ್ತು. ಕೊಳ್ಳದಿದ್ದರೂ ಬಂದು ಸುತ್ತಾಡಿರಿ ಎಂಬುದು ಆ ಮಳಿಗೆಯ ಆಹ್ವಾನವಾಗಿತ್ತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತನ್ನ ಮೊದಲ ಎರಡು ಮಳಿಗೆಗಳನ್ನು ತೆರೆದ ಆಪಲ್ ಸಂಸ್ಥೆಯು ಇದೇ ತತ್ತ್ವವನ್ನು ಗಣಕಯಂತ್ರಗಳಿಗೆ ಅನ್ವಯಿಸಿತು. ವಿಶಾಲವಾದ ಮೇಜುಗಳು, ಚಾಲೂ ಸ್ಥಿತಿಯಲ್ಲಿರುವ ಯಂತ್ರಗಳು, ಎಷ್ಟು ಹೊತ್ತು ಆಡಿಸಿದರೂ ಎದ್ದುಹೋಗಿ ಎನ್ನದ ಸಿಬ್ಬಂದಿ. ಮುಂದೆ ಜಗತ್ತಿನ ಇತರ ಕಂಪನಿಗಳೂ ಈ ದಾರಿಯನ್ನೇ ಹಿಡಿದವು.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಂದು ಗಮನಾರ್ಹ ನಿದರ್ಶನವಿದೆ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿರುವ ಒಪೆರಾ ಹೌಸ್ ಎಂಬ ಬ್ರಿಟಿಷರ ಕಾಲದ ಕಟ್ಟಡದಲ್ಲಿ ಹಿಂದೆ ಸಂಗೀತ ನಾಟಕಗಳು ನಡೆಯುತ್ತಿದ್ದವು. 2018ರ ಸೆಪ್ಟೆಂಬರಿನಲ್ಲಿ ಸ್ಯಾಮ್ಸಂಗ್ ಸಂಸ್ಥೆಯು ಅದೇ ಕಟ್ಟಡದಲ್ಲಿ ಸುಮಾರು 33,000 ಚದರಡಿಯ ಅನುಭವ ಕೇಂದ್ರವನ್ನು ತೆರೆಯಿತು. ಕಣ್ಣಿಗೆ ಸಾಧನ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತರೆ ಎಲ್ಲೋ ಹಾರಿದಂತೆ, ತೇಲಿದಂತೆ ಭಾಸವಾಗುವ ಏರ್ಪಾಡುಗಳು ಅಲ್ಲಿದ್ದವು. ಅಂಗಡಿಯೆಂಬ ಹೆಸರೇ ಅದಕ್ಕಿರಲಿಲ್ಲವೆಂಬುದನ್ನು ಗಮನಿಸಬೇಕು. ನಾಟಕ ನೋಡಲು ಬರುತ್ತಿದ್ದ ಜನ ಈಗ ಯಂತ್ರ ನೋಡಲು ಬಂದರು. 2025ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯೂ ಬೆಂಗಳೂರಿನ ಹೆಬ್ಬಾಳದ ಬಳಿ ತನ್ನ ಮಳಿಗೆಯನ್ನು ತೆರೆದಿದೆ. ಇಂಥ ಮಹಾಮಳಿಗೆಗಳ ಮಾದರಿಯೇ ಸಣ್ಣ ಪ್ರಮಾಣದಲ್ಲಿ ನಮ್ಮ ಜಿಲ್ಲೆಯ ಪೇಟೆಗಳಿಗೂ ಬಂದಿದೆ. ಗಾಜಿನ ಮುಂಭಾಗ, ಹಗಲಿನಲ್ಲೂ ಉರಿಯುವ ಬಿಳಿ ದೀಪಗಳು, ತಣ್ಣನೆಯ ಗಾಳಿ, ದಾರದಿಂದ ಮೇಜಿಗೆ ಬಂಧಿಸಿಟ್ಟ ಹೊಸ ಹೊಸ ಫೋನುಗಳು.

ಮುಟ್ಟಿದ ಮೇಲೆ

ಮುಟ್ಟುವುದರಲ್ಲಿ ಅಂಥ ವಿಶೇಷವೇನೆಂದು ಕೇಳಬಹುದು. 1990ರಲ್ಲಿ ಕಾನೆಮನ್, ನೆಚ್ ಮತ್ತು ಥೇಲರ್ ಎಂಬ ವಿದ್ವಾಂಸರು ಪ್ರಕಟಿಸಿದ ಒಂದು ಪ್ರಯೋಗವು ಇದಕ್ಕೆ ಉತ್ತರ ನೀಡುತ್ತದೆ. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸಾಮಾನ್ಯವಾದ ಒಂದು ಕಾಫಿ ಲೋಟವನ್ನು ಕೊಟ್ಟು, ಅದನ್ನು ಎಷ್ಟಕ್ಕೆ ಮಾರುವಿರೆಂದು ಕೇಳಿದರು. ಲೋಟವಿಲ್ಲದವರನ್ನು ಎಷ್ಟಕ್ಕೆ ಕೊಳ್ಳುವಿರೆಂದು ಕೇಳಿದರು. ಲೋಟ ಪಡೆದವರು ಹೇಳಿದ ಬೆಲೆಯು ಇತರರು ಹೇಳಿದುದರ ಸುಮಾರು ಇಮ್ಮಡಿಯಾಗಿತ್ತು. ನನ್ನದೆಂಬ ಭಾವವು ಬಂದೊಡನೆ ವಸ್ತುವಿನ ಬೆಲೆ ಮನಸ್ಸಿನಲ್ಲಿ ಏರುತ್ತದೆ. ಕೊಳ್ಳುವ ಮೊದಲೇ, ಬರಿದೇ ಕೈಯಲ್ಲಿ ಹಿಡಿದು ನೋಡಿದರೂ ಈ ಭಾವವು ಚಿಗುರುತ್ತದೆಂದು 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ತೋರಿಸಿತು. ಅದಕ್ಕೂ ಮೊದಲೇ, 2003ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಕಾನೂನು ಅಧಿಕಾರಿಗಳ ಕಚೇರಿಯು ಹಬ್ಬದ ಖರೀದಿಗೆ ಹೊರಟ ಜನರಿಗೆ ಒಂದು ಎಚ್ಚರಿಕೆ ನೀಡಿತ್ತು: ವಸ್ತುವನ್ನು ಕೈಯಲ್ಲಿ ಹಿಡಿಯಿರಿ, ನಿಮ್ಮದೆಂದೇ ಭಾವಿಸಿರಿ ಎನ್ನುವ ವ್ಯಾಪಾರಿಗಳ ಬಗ್ಗೆ ಜಾಗರೂಕರಾಗಿರಬೇಕೆಂದು.

ಇನ್ನೊಂದು ಪರಿಣಾಮವೂ ಇದೆ. ಹೊಸ ಫೋನನ್ನು ಮೇಜಿನ ಮೇಲಿರಿಸಿ ಜೇಬಿನಿಂದ ನಮ್ಮ ಹಳೆಯದನ್ನು ತೆಗೆದಾಗ, ಬೆಳಿಗ್ಗೆಯವರೆಗೂ ಯಾವ ಕೊರತೆಯೂ ಕಾಣದಿದ್ದ ಅದು ಒಮ್ಮೆಲೇ ಮಂಕಾಗಿ ಕಾಣುತ್ತದೆ. ಅದರ ಗೀರುಗಳೆಲ್ಲ ಆ ಬೆಳಕಿನಲ್ಲಿ ಎದ್ದು ತೋರುತ್ತವೆ. ಅಷ್ಟರಲ್ಲಿ ಹಳೆಯದನ್ನು ವಿನಿಮಯಕ್ಕೆ ಕೊಡಬಹುದೆಂಬ ಮಾತು ಬರುತ್ತದೆ. ನಿಜವಾಗಿ ಫೋನು ಹಾಳಾಗಿಲ್ಲ. ನಮ್ಮ ತೃಪ್ತಿ ಮಾತ್ರ ಹಾಳಾಗಿದೆ.

ಕಂತಿನ ಲೆಕ್ಕ

ಮನಸ್ಸು ಒಪ್ಪಿದ ಮೇಲೆ ಉಳಿಯುವ ಅಡ್ಡಿಯೆಂದರೆ ಹಣ. ಅದನ್ನು ನಿವಾರಿಸಲು ಸಾಲ ಕೊಡುವವರ ಪ್ರತಿನಿಧಿಯು ಹಲವೆಡೆ ಅದೇ ಮಳಿಗೆಯಲ್ಲಿ ಕುಳಿತಿರುತ್ತಾನೆ. ಬಡ್ಡಿಯಿಲ್ಲದ ಕಂತು ಎಂಬ ಫಲಕವೂ ಇರುತ್ತದೆ. ಶೂನ್ಯ ಬಡ್ಡಿಯೆಂಬುದು ಇಲ್ಲದ ಸಂಗತಿ, ಅದು ಬೇರೆ ಶುಲ್ಕಗಳ ರೂಪದಲ್ಲಿ ಅಡಗಿರುತ್ತದೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಉದಾಹರಣೆಗೆ, ನಗದಿಗೆ 22,500 ರೂಪಾಯಿಗೆ ಸಿಗುವ ಫೋನನ್ನು 2,000 ರೂಪಾಯಿಯ 12 ಕಂತುಗಳಲ್ಲಿ ಕೊಂಡು, ಮೇಲೆ 500 ರೂಪಾಯಿ ಶುಲ್ಕ ತೆತ್ತರೆ ಒಟ್ಟು 24,500 ಆಗುತ್ತದೆ. ಹೆಚ್ಚಿನ 2,000 ರೂಪಾಯಿಗೆ ಬಡ್ಡಿಯೆಂಬ ಹೆಸರಿಲ್ಲ, ಅಷ್ಟೇ.

ನಮ್ಮ ಕರಾವಳಿಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೈತಖೋಲದಲ್ಲಿ, ಬೇಲೆಕೇರಿಯಲ್ಲಿ ದೋಣಿಗಳು ದಡ ಸೇರುತ್ತವೆ. ಕಡಲನ್ನು ನಂಬಿದ ಮನೆಗೆ ಆ 61 ದಿನ ಆದಾಯವು ಕಡಿಮೆ, ಶಾಲೆಯ ಶುಲ್ಕ, ಪುಸ್ತಕ, ಕೊಡೆಗಳ ಖರ್ಚು ಹೆಚ್ಚು. ಕಂತಿಗೆ ಮಳೆಗಾಲವೆಂಬುದಿಲ್ಲ. ಕ್ರಿಸ್ಮಸ್ಸಿನ ಸಂಭ್ರಮದಲ್ಲಿ ಕೊಂಡ ಫೋನಿನ ಕಂತು ಜುಲೈ ತಿಂಗಳಲ್ಲಿಯೂ ಅದೇ ತಾರೀಖಿಗೆ ಖಾತೆಯಿಂದ ಕಡಿತವಾಗಬೇಕು. ಹಣವಿಲ್ಲದಿದ್ದರೆ ದಂಡ ತೆರಬೇಕು, ಮುಂದೆ ಮನೆ ಕಟ್ಟಲು ಸಾಲ ಕೇಳುವಾಗಲೂ ಅದರ ಕಪ್ಪುಚುಕ್ಕೆ ಕಾಣಿಸುತ್ತದೆ.

ಮಾಡಬೇಕಾದುದೇನು?

ಮಳಿಗೆಯಲ್ಲಿ ದುಡಿಯುವ ಯುವಕ ಯುವತಿಯರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ತಿಂಗಳಿಗೆ ಇಷ್ಟು ಮಾರಬೇಕೆಂಬ ಗುರಿಯು ಅವರ ತಲೆಯ ಮೇಲಿರುತ್ತದೆ. ಎಚ್ಚರಿಕೆಯು ಕೊಳ್ಳುವವರಲ್ಲಿಯೇ ಮೂಡಬೇಕು. ಅದು ಮಳಿಗೆಯ ಮೆಟ್ಟಿಲಿನ ಮೇಲೆ ಮೂಡುವಂಥದ್ದಲ್ಲ, ಮನೆಯಲ್ಲಿಯೇ ಸಿದ್ಧವಾಗಿರಬೇಕು.

ಫೋನು ಯಾವ ಕೆಲಸಕ್ಕೆ ಬೇಕು, ಎಷ್ಟು ಹಣ ಮೀರಬಾರದು ಎಂಬುದನ್ನು ರಾತ್ರಿಯ ಜಪಸರವಾದ ಮೇಲೆ ಮನೆಮಂದಿಯೆಲ್ಲ ಕುಳಿತು ನಿರ್ಧರಿಸಿ ಕಾಗದದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಮಳಿಗೆಯಲ್ಲಿ ಆ ಬೆಲೆಯ ಫೋನುಗಳನ್ನು ಮಾತ್ರ ಕೈಗೆ ತೆಗೆದುಕೊಳ್ಳಬೇಕು. ಹಳೆಯದರ ಬ್ಯಾಟರಿ ಬದಲಿಸಿದರೆ ಸಾಕೇ ಎಂದು ಮೊದಲು ದುರಸ್ತಿಯವರನ್ನು ಕೇಳಬೇಕು. ಕಂತಿನಲ್ಲಿ ಕೊಳ್ಳಲೇಬೇಕಾದರೆ ಸಹಿ ಮಾಡುವ ಮುನ್ನ ಮುಖ್ಯಾಂಶಗಳ ವಿವರಪತ್ರವನ್ನು ಕೇಳಿ ಪಡೆಯಬೇಕು. ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ಆ ಪತ್ರದಲ್ಲಿ ತೋರಿಸಬೇಕು, ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮವು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಕನ್ನಡದಲ್ಲಿ ಕೊಡಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನೋಡಿದ ದಿನವೇ ಕೊಳ್ಳದೆ ಒಂದು ರಾತ್ರಿ ಕಳೆಯಲು ಬಿಡಬೇಕು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ, ದೃಢೀಕರಣ ಸಂಸ್ಕಾರದ ಸಂದರ್ಭದಲ್ಲಿ ಮಕ್ಕಳು ದುಬಾರಿ ಉಡುಗೊರೆ ಕೇಳುವುದು ಸಹಜ. ಆಗ ಬೇಡವೆಂದಷ್ಟೇ ಹೇಳದೆ ಮನೆಯ ಲೆಕ್ಕವನ್ನು ಅವರ ಮುಂದಿಡುವ ತಂದೆತಾಯಿಯರು ಫೋನಿಗಿಂತ ಹೆಚ್ಚಿನದನ್ನೇ ಕೊಟ್ಟಂತಾಗುತ್ತದೆ. ಮಾರುಕಟ್ಟೆಯು ಮನುಷ್ಯನನ್ನು ಅನಗತ್ಯ ಖರೀದಿಯ ಸುಳಿಗೆ ಸೆಳೆಯುತ್ತದೆಂದು ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರೂ ಹೇಳಿದ್ದಾರೆ. ಹಾಸಿಗೆಯ ಅಳತೆಯು ಮಳಿಗೆಯ ಬೆಳಕಿನಲ್ಲಿ ತಿಳಿಯುವುದಿಲ್ಲ. ಅದನ್ನು ಮನೆಯಲ್ಲಿಯೇ ಅಳೆದುಕೊಂಡು ಹೊರಡೋಣ.